ಬಾಡಿಗೆಯ ಮನೆಯಲ್ಲಿ ಅತಿಥಿಧರ್ಮ

ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳಿದ್ದೇವೆ. ಶಿಕ್ಷಕರಾಗಿ ತರಗತಿಗಳಲ್ಲಿ ಹೇಳಿಯೂ ಇದ್ದೇವೆ. ತೈತ್ತಿರೀಯ ಉಪನಿಷತ್ತಿನಲ್ಲಿ ಈ ಉಪದೇಶವು ದೊರೆಯುವುದು ವಿದ್ಯಾಭ್ಯಾಸ ಮುಗಿಸಿ ಹೊರಟ ಶಿಷ್ಯನಿಗೆ. ಅಂದರೆ ಅದು ನಾಳೆ ಗೃಹಸ್ಥನಾಗಿ ಬಾಗಿಲು ತೆರೆಯುವವನಿಗೆ ಹೇಳಿದ ಮಾತೇ ಹೊರತು ಬಾಗಿಲಿಗೆ ಬಂದವನಿಗೆ ಹೇಳಿದ್ದಲ್ಲ. ಹಾಗಾದರೆ ಬಂದವನ ಧರ್ಮವೇನು? ಅದರಲ್ಲಿಯೂ ಆತನು ಹಣ ತೆತ್ತು ಉಳಿದುಕೊಂಡಿರುವಾಗ ಅವನಿಗೆ ಧರ್ಮವೆಂಬುದೊಂದು ಉಂಟೋ, ಅಥವಾ ಬಾಡಿಗೆಯೊಡನೆ ಅದೂ ಸಂದಾಯವಾಗಿಬಿಡುವುದೋ? ಈ ಪ್ರಶ್ನೆ ನಮಗೆ ಎದುರಾದದ್ದು ಗ್ರಂಥದಲ್ಲಲ್ಲ, ಒಂದು ಬಾವಿಯ ಕಟ್ಟೆಯ ಬಳಿಯಲ್ಲಿ.

ಕೆಲವು ವರ್ಷಗಳ ಹಿಂದಿನ ಮೇ ತಿಂಗಳು. ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಒಂಬತ್ತು ಜನ ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವಿಳಿದು ಗೋಕರ್ಣದ ಸಮೀಪ ಒಂದು ಮನೆಯನ್ನು ನಾಲ್ಕು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದೆವು. ಸಹ್ಯಾದ್ರಿಯ ಮಹಾಬಳೇಶ್ವರದಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಕೃಷ್ಣೆಯ ಸೀಮೆಯವರು ನಾವು; ಅದೇ ಸಹ್ಯಾದ್ರಿಯ ಪಶ್ಚಿಮದ ಮಗ್ಗುಲಿನಲ್ಲಿ, ಕಡಲ ದಂಡೆಯ ಮಹಾಬಲೇಶ್ವರನ ಸನ್ನಿಧಿಗೆ ಬಂದಿದ್ದೆವು. ಹಿಂದೆ ಬೆಟ್ಟ, ಮುಂದೆ ಕಡಲು, ನಡುವೆ ತೆಂಗಿನ ತೋಟ. ಮಕ್ಕಳ ಹರ್ಷಕ್ಕೆ ಮೇರೆಯಿರಲಿಲ್ಲ.

ಜಗಲಿಯ ಗೋಡೆಗೆ ಮನೆಯ ಯಜಮಾನರು ‘ನೋಡಬೇಕಾದ ಸ್ಥಳಗಳು’ ಎಂದು ಕೈಬರಹದ ಪಟ್ಟಿಯೊಂದನ್ನು ಅಂಟಿಸಿದ್ದರು. ಹಿರಿಯ ಮೊಮ್ಮಗನು ಅದನ್ನು ನಕಲು ಮಾಡಿಕೊಂಡು, ಒಂದೊಂದು ಸ್ಥಳ ಮುಗಿದಂತೆ ಗುರುತು ಹಾಕತೊಡಗಿದನು. ಮೊದಲ ದಿನ ದೇವರ ದರ್ಶನ, ಕೋಟಿತೀರ್ಥ, ಸಂಜೆಗೆ ಓಂ ಕಡಲತೀರ. ಎರಡನೆಯ ದಿನ ಕಾಡಿನ ನಡುವಿನ ಯಾಣ. ಅಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಆ ಕಪ್ಪು ಸುಣ್ಣಕಲ್ಲಿನ ಬಂಡೆಗಳ ಎದುರು ನಿಂತಾಗ ಮಕ್ಕಳೂ ಮಾತು ಮರೆತರು. ಹಿಂದಿರುಗುವಾಗ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡಿರುವ ಮಿರ್ಜಾನ ಕೋಟೆ. ಮೂರನೆಯ ದಿನ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಮತ್ತು ಅಘನಾಶಿನಿಯ ಅಳಿವೆ.

ಈ ಅಳಿವೆಯ ಕುರಿತು ಎರಡು ಮಾತು ಹೇಳಲೇಬೇಕು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯ ತಡೆಯಿಲ್ಲ. ಆದ್ದರಿಂದ ಘಟ್ಟದ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಸಹಜವಾಗಿ ಬೆರೆಯುತ್ತದೆ. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಗಂಡಸರು ಕೆಸರಿಗಿಳಿದು ಚಿಪ್ಪಿ ಆಯುತ್ತಾರೆ. 2024ರಲ್ಲಿ ಈ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಮನ್ನಣೆಯೂ ದೊರೆಯಿತು. ಅಘವೆಂದರೆ ಪಾಪ, ಅದನ್ನು ನಾಶ ಮಾಡುವವಳು ಅಘನಾಶಿನಿ ಎಂದು ನಾವು ಮೊಮ್ಮಕ್ಕಳಿಗೆ ಅರ್ಥ ಬಿಡಿಸಿ ಹೇಳಿದೆವು. ನಮ್ಮದೇ ಅಘವೊಂದು ಆ ಹೊತ್ತಿಗೆ ಬೆಳೆಯುತ್ತಿತ್ತೆಂಬುದು ಮಾತ್ರ ತಿಳಿದಿರಲಿಲ್ಲ.

ಕಡಲಿಗಿಳಿದು ಬಂದಾಗಲೊಮ್ಮೆ, ಬೆಟ್ಟ ಹತ್ತಿ ಬಂದಾಗಲೊಮ್ಮೆ, ಮಲಗುವ ಮುನ್ನ ಸೆಕೆಗೆ ಇನ್ನೊಮ್ಮೆ ಎಲ್ಲರಿಗೂ ಸ್ನಾನ. ಪಂಪಿನ ಗುಂಡಿ ಒತ್ತಿದರೆ ನೀರು. ನಾಲ್ಕನೆಯ ದಿನ ಬೆಳಗಿನ ಜಾವ ನಲ್ಲಿಯಲ್ಲಿ ಕೆಂಪು ರಾಡಿ ಬಂದಿತು. ಹೊರಬಂದು ನೋಡಿದರೆ, ಹಿಂಬದಿಯ ಸಣ್ಣ ಮನೆಯಲ್ಲಿದ್ದ ಯಜಮಾನರ ವೃದ್ಧ ತಾಯಿ ನೆರೆಯವರ ಬಾವಿಯಿಂದ ಕೊಡ ಹೊತ್ತು ತರುತ್ತಿದ್ದರು. ಆ ಬಾವಿ ಎರಡು ಮನೆಗಳಿಗೂ ಒಂದೇ ಎಂಬುದು ಆಗ ತಿಳಿಯಿತು. ಅದನ್ನು ನಾವು ಬರಿದು ಮಾಡಿದ್ದೆವು. ನಮ್ಮ ಮಗನು, “ನಾವೇನು ಪುಕ್ಕಟೆ ಇದ್ದೇವೆಯೇ ಅಪ್ಪಾ? ಕೇಳಿದಷ್ಟು ಕೊಟ್ಟಿದ್ದೇವಲ್ಲ” ಎಂದನು. ಹೌದೆಂದು ನಾವೂ ತಲೆಯಾಡಿಸಿದೆವು. ಆ ತಲೆಯಾಡಿಸಿದ್ದು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಏಕೆಂದರೆ ನಾವು ನೀರಿನ ಬೆಲೆ ಅರಿಯದವರಲ್ಲ. ಮಿರಜ ತಾಲೂಕಿನ ಪೂರ್ವಭಾಗದ ಹಿರಿಯರಿಗೆ ಬರಗಾಲದ ಪಾಠ ಹೇಳಿಕೊಡಬೇಕಾಗಿಲ್ಲ. ಮ್ಹೈಸಾಳ ಏತ ನೀರಾವರಿಯ ನೀರು ಈ ಸೀಮೆಗೆ ಏರಿಬರುವ ಮುನ್ನ, ಟ್ಯಾಂಕರಿನ ಮುಂದೆ ಕೊಡಗಳ ಸಾಲನ್ನೂ, ನೀರು ತಂದು ತಡವಾಗಿ ಶಾಲೆಗೆ ಬಂದ ಹೆಣ್ಣುಮಕ್ಕಳನ್ನೂ ಕಂಡವರು ನಾವು. ಅಂಥವರು ಮೂರೇ ದಿನಗಳಲ್ಲಿ ಅದನ್ನು ಮರೆತದ್ದು ಹೇಗೆ? ಕೊಟ್ಟ ಹಣವು ಮರೆಸಿತು.

ಹಣ ಕೊಟ್ಟು ತಂಗುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಬಾಡಿಗೆಯಿಂದ ಆ ಮನೆಯವರ ಸಂಸಾರಕ್ಕೆ ಆಧಾರವಿದೆ. ನಂಟಸ್ತಿಕೆಯ ಹಂಗಿಲ್ಲದೆ ಉಳಿಯುವ ನಮಗೂ ಸಂಕೋಚವಿಲ್ಲ. ಅದು ಉಭಯತರಿಗೂ ಗೌರವದ ವ್ಯವಹಾರವೇ ಸರಿ. ಆದರೆ ಮನೆಯವನು ಬಾಡಿಗೆಗೆ ಕೊಡಬಲ್ಲದ್ದು ತನ್ನದಾದುದನ್ನು ಮಾತ್ರ. ಕೋಣೆ ಅವನದು, ಮಂಚ ಅವನದು. ನೆಲದೊಳಗಿನ ಒರತೆ ಅವನೊಬ್ಬನದೇ? ನೆರೆಯವರ ನಿದ್ದೆ, ಕಡಲ ದಂಡೆಯ ಶುಚಿ, ಯಾಣದ ಕಾಡಿನ ಮೌನ, ಇವು ಯಾರವು? ಅವನು ಮಾರದಿದ್ದುದನ್ನು ನಾವು ಕೊಂಡೆವೆಂದು ಭಾವಿಸುವುದು ಹೇಗೆ ನ್ಯಾಯವಾದೀತು? ಹಣದ ಲೆಕ್ಕ ಮುಗಿದ ಮೇಲೆಯೂ ಉಳಿಯುವ ಈ ಋಣವನ್ನು ಅರಿತು ನಡೆಯುವುದೇ ಅತಿಥಿಧರ್ಮ.

ಇದೇ ಜಿಲ್ಲೆಯ ಕಾರವಾರಕ್ಕೆ 1883ರಲ್ಲಿ ರವೀಂದ್ರನಾಥ ಠಾಕೂರರು ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ತಮ್ಮನಿಗೆ ಆಗ 22ರ ಪ್ರಾಯ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿ, ಗುಡ್ಡದ ಹಳೆಯ ಕೋಟೆಯ ಬಳಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು, ತಾವು ಒಯ್ದಿದ್ದ ಬುತ್ತಿಯನ್ನುಂಡು ಮರಳಿದ್ದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಲೋಕವನ್ನು ತೊರೆದ ಸಂನ್ಯಾಸಿಯನ್ನು ಪುಟ್ಟ ಹುಡುಗಿಯೊಬ್ಬಳ ಪ್ರೀತಿ ಮರಳಿ ಲೋಕಕ್ಕೆ ಕರೆತರುವ ಅವರ ನಾಟಕವೂ ಕಾರವಾರದಲ್ಲಿಯೇ ರಚಿತವಾಯಿತು. ಪರರ ಅಂಗಳದಲ್ಲಿ ತನ್ನ ಬುತ್ತಿ ಬಿಚ್ಚಿ ಉಂಡು, ಅಂಗಳವನ್ನು ಇದ್ದಂತೆಯೇ ಬಿಟ್ಟು ಬರುವುದು: ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ಮಾದರಿ ಯಾವುದಿದೆ?

ಅಂದು ಉಳಿದಿದ್ದ ಎರಡು ಸ್ಥಳಗಳಿಗೆ ನಾವು ಹೋಗಲಿಲ್ಲ. ಮಗನೂ ಮೊಮ್ಮಗನೂ ನೆರೆಯವರ ಅಪ್ಪಣೆ ಕೇಳಿ ನೀರು ಸೇದಿ ಅಜ್ಜಿಯ ಹಂಡೆ ತುಂಬಿಸಿದರು. ನಾವು ಕೈಮುಗಿದು, “ತಪ್ಪಾಯಿತು ತಾಯಿ” ಎಂದೆವು. ಅವರು ನಕ್ಕು, “ಇರ್ಲಿ ಮಾಸ್ತರ್ರೇ, ಮಳೆ ಬಂದ್ರೆ ಮತ್ತೆ ತುಂಬ್ತದೆ” ಎಂದರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ.

ಸಂಘದ ಬಾಂಧವರಲ್ಲಿ ಅನೇಕರು ಬರುವ ಬೇಸಿಗೆಯಲ್ಲಿ ಮಕ್ಕಳೊಡನೆ ಕಡಲ ಕಡೆಗೆ ಹೊರಡುವಿರಿ. ಅವಶ್ಯವಾಗಿ ಹೋಗಿರಿ, ಎಲ್ಲವನ್ನೂ ನೋಡಿರಿ. ಆದರೆ ಪಟ್ಟಿಯ ಮೊದಲ ಸ್ಥಳಕ್ಕೆ ಹೊರಡುವ ಮುನ್ನ, ಇಳಿದುಕೊಂಡ ಮನೆಯ ಬಾವಿಯೊಳಗೆ ಒಮ್ಮೆ ಇಣುಕಿ ನೋಡಿರಿ. ಅದರ ನೀರನ್ನು ಇನ್ನಾರು ಕುಡಿಯುತ್ತಾರೆಂದು ಕೇಳಿಕೊಳ್ಳಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.