ಒಳ್ಳೆಯ ನಡತೆಗೆ ಪ್ರವಾಸದ ಬಹುಮಾನವೇ?



ನಡತೆ ಚೆನ್ನಾಗಿರುವ ಮಕ್ಕಳನ್ನು ಬಹುಮಾನವಾಗಿ ಒಂದು ದಿನದ ಮಟ್ಟಿಗೆ ಹೊರದೇಶಕ್ಕೆ ಕರೆದೊಯ್ಯುವ ಶಾಲೆಗಳು ಪಾಶ್ಚಾತ್ಯ ದೇಶಗಳಲ್ಲಿವೆ. ಬೆಳಂಬಾರದವರಿಗೆ ಒಂದು ಕಾಲದಲ್ಲಿ ಅಂಥ ಹೊರದೇಶವೆಂದರೆ ಗೋವೆಯೇ. 1961ರ ಡಿಸೆಂಬರ್‌ವರೆಗೆ ಮಾಜಾಳಿ ದಾಟಿದರೆ ಪೋರ್ಚುಗೀಸರ ಆಳ್ವಿಕೆ. ಈಗ ಬೆಳಿಗ್ಗೆ ಹೊರಟ ಬಸ್ಸು ಹಳೆ ಗೋವೆಯಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪುಣ್ಯಶರೀರವಿರುವ ಬಸಿಲಿಕಾ ತೋರಿಸಿ ರಾತ್ರಿಗೆ ಊರು ಮುಟ್ಟಿಸುತ್ತದೆ. ದೂರ ಎಷ್ಟೇ ಇರಲಿ, ಪ್ರಶ್ನೆ ಒಂದೇ: ‘ಸರಿಯಾಗಿ ನಡೆದುಕೊಂಡವರಿಗೆ ಮಾತ್ರ ಪ್ರವಾಸ’ ಎನ್ನುವುದು ನ್ಯಾಯವೇ?

ಮೇಲ್ನೋಟಕ್ಕೆ ನ್ಯಾಯವೇ. ವರ್ಷವಿಡೀ ಮಾತು ಕೇಳಿದ ಮಗುವಿಗೂ ಏನಾದರೂ ಸಿಗಬೇಡವೇ? ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗನ ದೂರೂ ಇದೇ. ಗೆಳೆಯರೊಡನೆ ಸಂತೋಷಪಡಲು ಅವನಿಗೆ ಒಂದು ಆಡಿನ ಮರಿಯೂ ಸಿಕ್ಕಿರಲಿಲ್ಲ. ತಂದೆ ಅವನನ್ನು ಗದರುವುದಿಲ್ಲ, ಹಾಗೆಂದು ಕೂಲಿಯ ಲೆಕ್ಕವನ್ನೂ ಹಾಕುವುದಿಲ್ಲ. ತನ್ನದೆಲ್ಲ ಅವನದೇ ಎನ್ನುತ್ತಾನೆ. ಮಗನಾಗಿ ಬಾಳಿದ್ದನ್ನು ಅವನು ಚಾಕರಿಯೆಂದು ಎಣಿಸಿಕೊಂಡದ್ದೇ ತೊಡಕು.

ಬಹುಮಾನದ ಆಸೆ ಮಕ್ಕಳಲ್ಲಿ ಮಾಡುವ ಕೆಲಸವೂ ಅದೇ. 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು, ಚಿತ್ರ ಬಿಡಿಸುವುದನ್ನು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ’ ಎಂದು ಮೊದಲೇ ಹೇಳಿದರು. ಆಮೇಲೆ ಪ್ರಶಸ್ತಿಯ ಮಾತಿಲ್ಲದಾಗ, ಅದೇ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಸದ್ಗುಣಿಗೆ ಒಳ್ಳೆಯದನ್ನು ಮಾಡುವುದರಲ್ಲೇ ಸಂತೋಷ ಎಂದು ಅರಿಸ್ಟಾಟಲ್ ಕಲಿಸಿದ. ಆ ಸಂತೋಷ ಹುಟ್ಟುವ ಮೊದಲೇ ನಾವು ಬಸ್ಸಿನ ಸೀಟು ತೋರಿಸಿಬಿಡುತ್ತೇವೆ.

ಇನ್ನು ನಡತೆಯನ್ನು ಅಳೆಯುವುದು ಹೇಗೆ? ತಾಯಿ ನಸುಕಿನಲ್ಲೇ ಮೀನುಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋದರೆ, ತಮ್ಮನಿಗೆ ಗಂಜಿ ಕುಡಿಸಿ ಬರುವ ಹುಡುಗಿ ಶಾಲೆಯ ಗಂಟೆಗೆ ತಡವಾಗುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳು ಶಿಸ್ತಿಲ್ಲದವಳು. ಎಲ್ಲವೂ ಕೈಗೆ ಬಂದು ಸೇರುವ ಮನೆಯ ಮಗುವಿಗೆ ಶಿಸ್ತು ಸುಲಭ.

ಸಂತ ಜಾನ್ ಬೋಸ್ಕೊ ಹಿಡಿದದ್ದು ಬೇರೆಯೇ ದಾರಿ. 1855ರಲ್ಲಿ ಅವರು ಮಂತ್ರಿ ರತಾಜ್ಜಿಯವರ ಒಪ್ಪಿಗೆ ಪಡೆದು, ತೂರಿನ್ ನಗರದ ಬಾಲ ಸೆರೆಮನೆಯ ಮುನ್ನೂರಕ್ಕೂ ಹೆಚ್ಚು ಹುಡುಗರನ್ನು ಕಾವಲುಗಾರರಿಲ್ಲದೆ ಸ್ತುಪಿನೀಜಿಗೆ ಒಂದು ದಿನದ ವಿಹಾರಕ್ಕೆ ಕರೆದೊಯ್ದರು. ಸಂಜೆ ಎಲ್ಲರೂ ಮರಳಿದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಧ್ಯಾನಕೂಟ ಚೆನ್ನಾಗಿ ನಡೆದದ್ದಕ್ಕೆ ಮೆಚ್ಚಿ ಕೊಟ್ಟ ವಿಹಾರ ಅದು, ನಿಜ. ಆದರೆ ಆ ಸೆರೆಮನೆಯಲ್ಲಿ ‘ಒಳ್ಳೆಯ ನಡತೆಯವರ’ ಪಟ್ಟಿ ಕೇಳಿದ್ದರೆ ಎಷ್ಟು ಹೆಸರು ಬರುತ್ತಿತ್ತು?

ಶಿಕ್ಷಕರ ಭಯವೂ ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದರು. ಕಡಲ ಮಕ್ಕಳಾದ ನಮಗೆ ಆ ನೋವು ಗೊತ್ತು. ಆದರೆ ಅದು ಕಾವಲಿನ ಮಾತು; ಬಹುಮಾನದ ಪಟ್ಟಿಯಿಂದ ಅದು ಬಗೆಹರಿಯದು. ತುಂಟನೆಂದು ಒಬ್ಬನನ್ನು ಮನೆಯಲ್ಲಿ ಬಿಡುವ ಬದಲು, ಇನ್ನಿಬ್ಬರು ದೊಡ್ಡವರು ಬಸ್ಸು ಹತ್ತಲಿ. ಆ ಇಬ್ಬರು ನಮ್ಮ ಧರ್ಮಕೇಂದ್ರದಿಂದಲೇ ಏಕೆ ಹೊರಡಬಾರದು?