ಹಿಟ್ಟಿನ ಕೋಳಿಯೂ ಪರದೆಯ ಪ್ರಾಣಿಯೂ

ಕಣ್ಣಿಗೆ ಕಾಣುವ, ಆದರೆ ಜೀವವಿಲ್ಲದ ಪ್ರಾಣಿಯೊಂದನ್ನು ಆಟದಲ್ಲಿ ಹಿಡಿದರೆ, ಕಾದಾಡಿಸಿದರೆ, ಕೆಡವಿದರೆ ಶ್ರಾವಕನಿಗೆ ದೋಷ ತಗಲುವುದೇ? ಮೇಲುನೋಟಕ್ಕೆ ಇದು ಮಕ್ಕಳಾಟದ ಪ್ರಶ್ನೆ. ಆದರೆ ಹಿಂಸೆಯ ಮೂಲವನ್ನು ಕೈಯಲ್ಲಿ ಹುಡುಕದೆ ಪರಿಣಾಮದಲ್ಲಿ, ಅಂದರೆ ಆತ್ಮನ ಭಾವದಲ್ಲಿ ಹುಡುಕಿದ ಧರ್ಮಕ್ಕೆ ಇದು ಚಿಕ್ಕ ಪ್ರಶ್ನೆಯಲ್ಲ.

2016ರ ಸೆಪ್ಟೆಂಬರ್ ತಿಂಗಳಲ್ಲಿ ಇಂತಹ ಆಟವೊಂದು ಗುಜರಾತ್ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತ್ತು. ಪೋಕೆಮಾನ್ ಗೋ ಎಂಬ ಮೊಬೈಲ್ ಆಟದಲ್ಲಿ ಆಟಗಾರನಿಗೆ ದೊರೆಯುವ ಮೊಟ್ಟೆಗಳು ಪೂಜಾಸ್ಥಳಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ, ಇದರಿಂದ ಹಿಂದೂಗಳ ಮತ್ತು ಜೈನರ ಭಾವನೆಗೆ ನೋವಾಗುತ್ತದೆ ಎಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ವಾದಿಸಿತು. ನ್ಯಾಯಾಲಯವು ಸರ್ಕಾರಕ್ಕೂ ಆಟದ ಕಂಪನಿಗೂ ನೋಟಿಸು ನೀಡಿತು. ಅಲ್ಲಿ ಎದ್ದದ್ದು ಕ್ಷೇತ್ರದ ಪಾವಿತ್ರ್ಯದ ಪ್ರಶ್ನೆ. ಆಡುವವನ ಭಾವದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಅದನ್ನು ನ್ಯಾಯಾಲಯ ನಿರ್ಣಯಿಸಲಾರದು, ಶ್ರಾವಕನೇ ನಿರ್ಣಯಿಸಿಕೊಳ್ಳಬೇಕು.

ಈ ಆಟದ ಪರಂಪರೆ ಜಪಾನಿನದು. ಟೋಕಿಯೊ ಮಹಾನಗರದ ಅಂಚಿನ ಮಾಚಿದಾದಲ್ಲಿ ಬೆಳೆದ ಸತೋಶಿ ತಾಜಿರಿ ಬಾಲ್ಯದಲ್ಲಿ ಕೊಳ, ಗದ್ದೆ, ತೋಪುಗಳಲ್ಲಿ ಕೀಟಗಳನ್ನು ಹುಡುಕಿ ಸಂಗ್ರಹಿಸುತ್ತಿದ್ದರು. ಊರು ಬೆಳೆದಂತೆ ಆ ಕೊಳಗಳೂ ತೋಪುಗಳೂ ಕಟ್ಟಡಗಳ ಕೆಳಗೆ ಮರೆಯಾದವು. ಹುಡುಕುವ, ಕಂಡು ಬೆರಗಾಗುವ ಆ ಆನಂದವನ್ನು ನಗರದ ಮಕ್ಕಳಿಗೆ ಮರಳಿ ಕೊಡಬೇಕೆಂಬ ಆಶಯ ಅವರದಾಗಿತ್ತು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದ ಮೊದಲ ಆಟಗಳಲ್ಲಿ 151 ಬಗೆಯ ಕಲ್ಪಿತ ಜೀವಿಗಳಿದ್ದವು. ಕಾದಾಟದಲ್ಲಿ ಸೋತ ಜೀವಿ ಇಲ್ಲಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಶುಶ್ರೂಷಾ ಕೇಂದ್ರಕ್ಕೆ ಒಯ್ದರೆ ಚೇತರಿಸಿಕೊಳ್ಳುತ್ತದೆ. ಮಕ್ಕಳ ಆಟದಲ್ಲಿ ಅರ್ಥವಿಲ್ಲದ ಸಾವು ಇರಬಾರದೆಂದು ತಾಜಿರಿ ಬಯಸಿದ್ದರು. ಕರುಣೆಯ ಈ ಎಳೆಯನ್ನು ಅಲಕ್ಷಿಸಿ ಆಟವನ್ನು ಖಂಡಿಸುವುದು ಸತ್ಯಕ್ಕೆ ದೂರವಾದ ಮಾತಾಗುತ್ತದೆ.

2022ರ ನವೆಂಬರ್ 18ರಂದು ಇದೇ ಪರಂಪರೆಯಲ್ಲಿ ಪೋಕೆಮಾನ್ ಸ್ಕಾರ್ಲೆಟ್ ಮತ್ತು ಪೋಕೆಮಾನ್ ವಯೊಲೆಟ್ ಎಂಬ ಜೋಡಿ ಆಟಗಳು ನಿಂಟೆಂಡೊ ಸ್ವಿಚ್ ಯಂತ್ರಕ್ಕಾಗಿ ಹೊರಬಂದವು. ಮೊದಲ 3 ದಿನಗಳಲ್ಲಿಯೇ ಜಗತ್ತಿನಾದ್ಯಂತ 1 ಕೋಟಿ ಪ್ರತಿಗಳು ಮಾರಾಟವಾದವು. ಅವುಗಳೊಂದಿಗೆ ಕಲ್ಪಿತ ಜೀವಿಗಳ ಒಟ್ಟು ಸಂಖ್ಯೆ 1000ವನ್ನು ದಾಟಿತು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಿರುವ ಐಬೀರಿಯಾ ಪರ್ಯಾಯದ್ವೀಪವನ್ನು ಹೋಲುವ ಪಾಲ್ಡಿಯಾ ಎಂಬ ನಾಡು ಇದರ ರಂಗಭೂಮಿ. ಆಟಗಾರ ಅಲ್ಲಿನ ವಿದ್ಯಾಲಯದ ವಿದ್ಯಾರ್ಥಿ. ತನ್ನ ನಿಧಿಯನ್ನು ತಾನೇ ಕಂಡುಕೊಂಡು ಬಾ ಎಂದು ಗುರುಗಳು ಅವನನ್ನು ಹೊರಗೆ ಕಳುಹಿಸುತ್ತಾರೆ. ಯಾವ ದಿಕ್ಕಿಗೆ ಹೋಗಬೇಕು, ಯಾವ ಪರೀಕ್ಷೆಯನ್ನು ಮೊದಲು ಎದುರಿಸಬೇಕು ಎಂಬುದೆಲ್ಲ ಬಹುಮಟ್ಟಿಗೆ ಅವನ ಇಚ್ಛೆ. ಇಂತಹ ರಚನೆಗೆ ಓಪನ್ ವರ್ಲ್ಡ್, ಅಂದರೆ ಮುಕ್ತ ಲೋಕ ಎಂಬ ಹೆಸರಿದೆ.

ಬಾಲ್ಯದಿಂದ ಈ ಆಟಗಳನ್ನು ಆಡುತ್ತ ಬಂದು ಇಂದು ನಡುವಯಸ್ಸನ್ನು ಸಮೀಪಿಸಿರುವ ಅಭಿಮಾನಿಗೆ ಇಲ್ಲಿ ದೊರೆಯುವುದು ಬಹುದಿನಗಳ ಕನಸು. ಹಳೆಯ ಆಟಗಳಲ್ಲಿ ಕಾಡುಜೀವಿ ಮೊದಲೇ ಕಾಣುತ್ತಿರಲಿಲ್ಲ. ಎತ್ತರದ ಹುಲ್ಲಿನಲ್ಲಿ ಹೆಜ್ಜೆಯಿಟ್ಟಾಗ ಅದು ಹಠಾತ್ತನೆ ಎದುರಾಗುತ್ತಿತ್ತು, ಕಾದಾಟ ತಾನಾಗಿ ಆರಂಭವಾಗುತ್ತಿತ್ತು. 2018ರ ಹೊತ್ತಿಗೆ ಈ ಕ್ರಮ ಬದಲಾಗತೊಡಗಿ, 2022ರ ಆಟದಲ್ಲಿ ಪೂರ್ಣವಾಗಿ ಬೇರೆಯಾಯಿತು. ಈಗ ಗುಡ್ಡದ ಮೇಲೆ ನಿಂತು ನೋಡಿದರೆ ಕೆಳಗಿನ ಬಯಲಿನಲ್ಲಿ ಜೀವಿಗಳು ತಮ್ಮ ಪಾಡಿಗೆ ತಾವು ಇರುವುದು ಕಾಣುತ್ತದೆ. ಒಂದು ಮರದ ನೆರಳಿನಲ್ಲಿ ನಿದ್ರಿಸುತ್ತಿದೆ, ಕೆಲವು ಗುಂಪಾಗಿ ಅಲೆಯುತ್ತಿವೆ, ಇನ್ನು ಕೆಲವು ಮನುಷ್ಯನನ್ನು ಕಂಡು ಓಡುತ್ತವೆ. ಎರಗಿ ಬರುವವೂ ಇವೆ. ಆದರೆ ಬಹುಪಾಲು ಜೀವಿಗಳ ಬಳಿಗೆ ಹೋಗುವುದೂ ಹೋಗದಿರುವುದೂ ಆಟಗಾರನ ನಿರ್ಧಾರ.

ನೀತಿಯ ದೃಷ್ಟಿಯಿಂದ ಮಹತ್ತ್ವದ ಬದಲಾವಣೆ ಇದೇ. ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಮೊದಲ ಮೂರನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು, ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು ಎಂದು ಹೇಳಲಾಗಿದೆ. ಹುಲ್ಲಿನಿಂದ ಹಠಾತ್ತನೆ ಎದ್ದುಬಂದ ಜೀವಿಯೊಡನೆ ಕಾದಾಡುವುದು, ಆಟದ ಮಟ್ಟಿಗೆ, ವಿರೋಧೀ ಹಿಂಸೆಯ ಛಾಯೆ. ದೂರದಿಂದ ನೋಡಿ, ಮಲಗಿರುವುದೆಂದು ತಿಳಿದು, ಆರಿಸಿಕೊಂಡು ಹೋಗಿ ಕೆಡಹುವುದು ಸಂಕಲ್ಪದ ಛಾಯೆ. ಹೊಸ ಆಟ ಆಟಗಾರನಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು. ಸ್ವಾತಂತ್ರ್ಯದ ಜೊತೆಗೆ ಸಂಕಲ್ಪದ ಭಾರವನ್ನೂ ಅವನ ಮೇಲೆ ಹೊರಿಸಿತು.

ಇಲ್ಲಿ ಪೂರ್ವಪಕ್ಷದ ಆಕ್ಷೇಪ ಸಹಜ. ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಗಳನ್ನು ಘಾತಿಸುವುದು ಹಿಂಸೆಯೆಂದು ತತ್ತ್ವಾರ್ಥಸೂತ್ರ ನಿರೂಪಿಸುತ್ತದೆ. ಐದು ಇಂದ್ರಿಯ, ಮೂರು ಬಲ, ಉಸಿರಾಟ, ಆಯುಷ್ಯ ಎಂಬ ಹತ್ತು ಪ್ರಾಣಗಳಲ್ಲಿ ಪರದೆಯ ಪ್ರಾಣಿಗೆ ಒಂದೂ ಇಲ್ಲ. ಅದು ಬೆಳಕಿನ ಬಿಂದುಗಳ ಜೋಡಣೆ. ಘಾತಿಸಲು ಪ್ರಾಣವೇ ಇಲ್ಲದಲ್ಲಿ ಹಿಂಸೆ ಎಲ್ಲಿಯದು? ದ್ರವ್ಯಹಿಂಸೆಯ ಮಟ್ಟಿಗೆ ಈ ವಾದ ಸರಿಯಾದುದೇ, ಅದನ್ನು ಒಪ್ಪಲೇಬೇಕು.

ಆದರೆ ಆಚಾರ್ಯರು ಅಲ್ಲಿಗೇ ನಿಲ್ಲಲಿಲ್ಲ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು ರಾಗಾದಿ ಭಾವಗಳ ಉದಯವನ್ನೇ ಹಿಂಸೆಯೆಂದು ಪರಿಗಣಿಸಿದರು. ಕನ್ನಡಿಗರಿಗಂತೂ ಈ ತತ್ತ್ವ ಕಥೆಯ ರೂಪದಲ್ಲಿಯೇ ಪರಿಚಿತ. 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯಲ್ಲಿ ರಾಜನು ತಾಯಿಯ ಒತ್ತಾಯಕ್ಕೆ ಮಣಿದು, ಜೀವವಧೆಗೆ ಹೇಸಿ, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಅದರಲ್ಲಿ ಮಾಂಸವಿರಲಿಲ್ಲ, ರಕ್ತವಿರಲಿಲ್ಲ. ಆದರೂ ಆ ಒಂದು ಏಟಿನ ಫಲವಾಗಿ ತಾಯಿಮಗ ಇಬ್ಬರೂ ನಾಯಿ, ನವಿಲು ಮೊದಲಾದ ತಿರ್ಯಂಚ ಜನ್ಮಗಳಲ್ಲಿ ತೊಳಲಬೇಕಾಯಿತು.

ಹಾಗಾದರೆ ಪರದೆಯ ಪ್ರಾಣಿಯೂ ಹಿಟ್ಟಿನ ಕೋಳಿಯೂ ಒಂದೇ ಎಂದು ತೀರ್ಪು ಕೊಡಬಹುದೇ? ಅವಸರ ಸಲ್ಲದು. ಯಶೋಧರನ ದೋಷ ಹಿಟ್ಟನ್ನು ಕತ್ತರಿಸಿದ್ದರಲ್ಲಿ ಇಲ್ಲ. ಹಿಟ್ಟನ್ನು ಕತ್ತರಿಸುವುದರಲ್ಲಿಯೇ ದೋಷವಿದ್ದರೆ ಅಡುಗೆಮನೆಯಲ್ಲಿ ಯಾರೂ ನಿರ್ದೋಷಿಗಳಾಗಿ ಉಳಿಯುವುದಿಲ್ಲ. ಬಲಿಯಿಂದ ದೊರೆಯುವ ಫಲ ತನಗೆ ಬೇಕೆಂಬ ಭಾವವನ್ನು ಅವನು ಬಿಡಲಿಲ್ಲ, ಬಲಿಯ ವಸ್ತುವನ್ನು ಮಾತ್ರ ಬದಲಿಸಿದ. ಕೋಳಿಯ ರೂಪವನ್ನು ಕೋಳಿಯೆಂದೇ ಭಾವಿಸಿ ಕತ್ತಿ ಎತ್ತಿದ. ಆದ್ದರಿಂದ ಆಟಗಾರನ ಬಗ್ಗೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಜೀವಿಯ ರೂಪವನ್ನು ಕಂಡಾಗ ಅವನೊಳಗೆ ಏಳುವ ಭಾವ ಯಾವುದು?

ಅಭಿಮಾನಿಯಾದವನು ಈ ಪ್ರಶ್ನೆಯನ್ನು ಪರೀಕ್ಷಿಸಿಕೊಳ್ಳಲು 2022ರ ಆಟವೇ ಒಂದು ಅವಕಾಶವನ್ನು ಒದಗಿಸುತ್ತದೆ. ಅದರಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಜೊತೆಗಿರುವ ಜೀವಿ ತಾನಾಗಿ ಮುಂದೆ ಓಡಿ ಕಾಡುಜೀವಿಗಳನ್ನು ಕೆಡಹುತ್ತ ಸಾಗುತ್ತದೆ. ಆಟಗಾರ ನಿಂತು ನೋಡಬೇಕಾಗಿಯೂ ಇಲ್ಲ. ಬಿದ್ದ ಜೀವಿಯಿಂದ ರೋಮವೋ ಗರಿಯೋ ಉಗುರೋ ದೊರೆಯುತ್ತದೆ. ಅದು ಕಾದಾಟದ ಹೊಸ ವಿದ್ಯೆಗಳನ್ನು ತಯಾರಿಸುವ ಸಾಮಗ್ರಿ. ಹಳೆಯ ಕಾದಾಟದಲ್ಲಿ ಎದುರಿನ ಜೀವಿ ಯಾವುದು, ಅದರ ಸ್ವಭಾವವೇನು ಎಂಬ ಗಮನವಾದರೂ ಇತ್ತು. ಇಲ್ಲಿ ಅದೂ ಇಲ್ಲ. ಅನರ್ಥದಂಡದ ಪ್ರಭೇದಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಆಚಾರ್ಯರು ಸುಮ್ಮನೆ ನೆಲ ಅಗೆಯುವುದನ್ನು, ನೀರು ಚೆಲ್ಲುವುದನ್ನು, ಗಿಡ ಕೀಳುವುದನ್ನು ಹೆಸರಿಸುತ್ತಾರೆ. ನೋಡದೆ, ಎಣಿಸದೆ, ದಾರಿಯುದ್ದಕ್ಕೂ ಜೀವರೂಪಗಳನ್ನು ಕೆಡಹುತ್ತ ನಡೆಯುವ ಮನಸ್ಸು ಅದೇ ಮನಸ್ಸು. ರೂಪಗಳು ಕಲ್ಪಿತವಾದರೂ ಅಭ್ಯಾಸ ಕಲ್ಪಿತವಲ್ಲ.

ಈ ಏರ್ಪಾಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎದುರಾದ ಜೀವಿ ಅಪರೂಪದ ಬಣ್ಣದ್ದಾಗಿದ್ದರೆ ಜೊತೆಗಾರ ಜೀವಿ ಅದರ ಮೇಲೆ ಎರಗಲು ಒಪ್ಪುವುದಿಲ್ಲ. 2013ರಿಂದ ಈಚಿನ ಆಟಗಳಲ್ಲಿ ಅಂತಹ ಬಣ್ಣ ಸಾಮಾನ್ಯವಾಗಿ 4096ರಲ್ಲಿ ಒಂದು ಬಾರಿ ಕಾಣಿಸಿಕೊಳ್ಳುತ್ತದೆ. ಸಂಗ್ರಾಹಕನಿಗೆ ನಷ್ಟವಾಗದಿರಲೆಂದು ಮಾಡಿದ ಸೌಕರ್ಯವಿದು. ಆದರೆ ಅದರ ತಾತ್ಪರ್ಯವನ್ನು ಯೋಚಿಸಬೇಕು: ಅಪರೂಪವಾದುದಕ್ಕೆ ರಕ್ಷಣೆ, ಸಾಮಾನ್ಯವಾದುದಕ್ಕೆ ಇಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಎಲ್ಲ ಜೀವಗಳಲ್ಲಿಯೂ ಚೈತನ್ಯವೊಂದೇ ಎಂದು ನಂಬಿದವನು ಈ ಅಳತೆಗೋಲನ್ನು ಒಪ್ಪಲಾರ. ಬೆಲೆ ಬಂದಿರುವುದು ಜೀವರೂಪಕ್ಕಲ್ಲ, ಅದು ತನ್ನ ಸಂಗ್ರಹದಲ್ಲಿ ಇರಬೇಕೆಂಬ ಆಸೆಗೆ.

ಇಲ್ಲಿಯೇ ಪರಿಗ್ರಹದ ವಿಚಾರ ಬರುತ್ತದೆ. ಆಟದ ಭಾಷೆಯಲ್ಲಿ ಮೂರ್ಛೆಯೆಂದರೆ ಸೋತ ಜೀವಿಯ ಸ್ಥಿತಿ. ಜೈನ ಪರಿಭಾಷೆಯಲ್ಲಿ ಮೂರ್ಛೆಯೆಂದರೆ ನನ್ನದು ಎಂಬ ಮಮತ್ವ, ಪರಿಗ್ರಹದ ನಿಜಸ್ವರೂಪ. ಪರದೆಯ ಪ್ರಾಣಿಯ ಮೂರ್ಛೆ ಕೆಲವು ಕ್ಷಣಗಳಲ್ಲಿ ತಿಳಿಯುತ್ತದೆ, ಸಂಗ್ರಾಹಕನ ಮೂರ್ಛೆ ವರ್ಷಗಟ್ಟಲೆ ತಿಳಿಯುವುದಿಲ್ಲ. ಉತ್ತಮ ಗುಣಗಳುಳ್ಳ ಒಂದೇ ಒಂದು ಮರಿಗಾಗಿ ನೂರಾರು ಮೊಟ್ಟೆಗಳನ್ನು ಮರಿ ಮಾಡಿಸಿ, ಬೇಡವಾದ ಮರಿಗಳನ್ನು ಸಾಲುಸಾಲಾಗಿ ಬಿಟ್ಟುಬಿಡುವ ಅಭ್ಯಾಸ ಹಳೆಯ ಅಭಿಮಾನಿಗಳಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಬಿಡುಗಡೆ ಎಂಬ ಹೆಸರಿದ್ದರೂ ತ್ಯಾಗದ ಗಂಧ ಅದರಲ್ಲಿಲ್ಲ.

ಈ ಪ್ರಶ್ನೆ ಆಟದ ಕರ್ತೃಗಳಿಗೂ ಹೊಳೆಯದೆ ಇರಲಿಲ್ಲ. 2010ರಲ್ಲಿ ಬಂದ ಪೋಕೆಮಾನ್ ಬ್ಲ್ಯಾಕ್ ಮತ್ತು ವೈಟ್ ಆಟಗಳಲ್ಲಿ ಎನ್ ಎಂಬ ಯುವಕನಿದ್ದಾನೆ. ಜೀವಿಗಳ ಮಾತು ಅವನಿಗೆ ಕೇಳಿಸುತ್ತದೆ. ಅವುಗಳನ್ನು ಮನುಷ್ಯರಿಂದ ಬಿಡಿಸಬೇಕೆಂಬ ಶುದ್ಧ ಹಂಬಲ ಅವನದು. ಆದರೆ ಅವನ ಹಿಂದಿರುವ ಗೆಟ್ಸಿಸ್ ಎಂಬ ಮುಖಂಡನ ಗುರಿ ಬೇರೆ. ಉಳಿದವರೆಲ್ಲರೂ ಬಿಟ್ಟುಕೊಟ್ಟರೆ ಜೀವಿಗಳ ಬಲ ತನ್ನೊಬ್ಬನ ಕೈಯಲ್ಲಿ ಉಳಿಯುತ್ತದೆಂದು ಅವನ ಎಣಿಕೆ. ಅಹಿಂಸೆಯ ಮಾತು ಒಂದೇ, ಆಡಿದವರ ಭಾವ ಎರಡು. ಕ್ರಿಯೆಯನ್ನಲ್ಲದೆ ಪರಿಣಾಮವನ್ನು ನೋಡಬೇಕೆಂಬ ಆಚಾರ್ಯರ ಮಾತಿಗೆ ಇದೊಂದು ನಿದರ್ಶನ.

ಮಾರ್ಗ ಇನ್ನೊಂದು ಕಡೆಗೂ ಹರಿಯಬಹುದು. 2024ರ ಜನವರಿ 19ರಂದು ಜಪಾನಿನ ಬೇರೊಂದು ಕಂಪನಿ ಹೊರತಂದ ಪಾಲ್‌ವರ್ಲ್ಡ್ ಎಂಬ ಮುಕ್ತ ಲೋಕದ ಆಟದಲ್ಲಿ ಹಿಡಿದ ಜೀವಿಗಳನ್ನು ದುಡಿಸಿಕೊಳ್ಳಬಹುದು, ಕತ್ತಿಯಿಂದ ಕಡಿದು ಮಾಂಸವನ್ನೂ ಪಡೆಯಬಹುದು. ಕಡಿಯುವ ದೃಶ್ಯವನ್ನು ಮಾತ್ರ ಆಟವು ಮಸುಕು ಚೌಕಗಳಿಂದ ಮುಚ್ಚುತ್ತದೆ. ಹಿಂಸೆಯೇ ಇಲ್ಲವೆಂದಾದರೆ ಮುಚ್ಚುವ ಅಗತ್ಯವೇನು? ನೋಡುವವನ ಹೃದಯ ಅಳುಕುತ್ತದೆ ಎಂಬುದನ್ನು ಆ ಮಸುಕೇ ಒಪ್ಪಿಕೊಂಡಿದೆ. ಶ್ರಾವಕನಾದವನು ಇಂತಹುದನ್ನು ದೂರವಿಡುವುದೇ ಯೋಗ್ಯ.

ಪಾಲ್ಡಿಯಾದ ಲೋಕದ ಬಗ್ಗೆ ಅದೇ ಮಾತನ್ನು ಹೇಳಬೇಕಾಗಿಲ್ಲ. ಅಲ್ಲಿ ಜೀವಿಗಳಿಗೆ ಉಣಿಸುವುದಿದೆ, ಅವುಗಳ ಮೈ ತೊಳೆಯುವುದಿದೆ, ಒಂದೊಂದರ ನೆಲೆ ಮತ್ತು ನಡತೆಯನ್ನು ತಿಳಿಯುವ ಕುತೂಹಲವಿದೆ. ಒಂದೇ ಆಟ ಒಂದು ಅಪೇಕ್ಷೆಯಿಂದ ದಯೆಯ ಅಭ್ಯಾಸ, ಇನ್ನೊಂದು ಅಪೇಕ್ಷೆಯಿಂದ ಅಪಧ್ಯಾನ. ಅನೇಕಾಂತದೃಷ್ಟಿ ಎರಡನ್ನೂ ಕಾಣುತ್ತದೆ. ಕಂಡ ಮೇಲೆ ಆಯ್ಕೆಯ ಹೊಣೆಯನ್ನು ಆಡುವವನಿಗೇ ಬಿಡುತ್ತದೆ.

ಆ ಹೊಣೆಗೆ ಶ್ರಾವಕಾಚಾರದಲ್ಲಿ ಸಾಧನಗಳಿವೆ. ತತ್ತ್ವಾರ್ಥಸೂತ್ರವು ಅಣುವ್ರತಗಳ ಬಳಿಕ ದಿಗ್ವ್ರತ, ದೇಶವ್ರತ, ಅನರ್ಥದಂಡವಿರತಿಗಳನ್ನು ಹೇಳುತ್ತದೆ. ಎಲ್ಲ ದಿಕ್ಕುಗಳೂ ತೆರೆದಿವೆ ಎಂಬುದು ಮುಕ್ತ ಲೋಕದ ಹೆಮ್ಮೆ. ತೆರೆದಿರುವ ದಿಕ್ಕಿಗೆ ತಾನೇ ಎಲ್ಲೆಯನ್ನು ಹಾಕಿಕೊಳ್ಳುವುದು ದಿಗ್ವ್ರತಿಯ ಹಿರಿಮೆ. ಇಂದು ಈ ಸರೋವರದ ದಡದವರೆಗೆ, ಒಂದು ಗಂಟೆಯ ಕಾಲ, ಎಂದು ಮಿತಿ ಹಾಕಿಕೊಂಡು ಆಡುವವನು ಮನೋರಂಜನೆಯಲ್ಲಿಯೂ ವ್ರತದ ಛಾಯೆಯನ್ನು ಉಳಿಸಿಕೊಳ್ಳುತ್ತಾನೆ. ಮಲಗಿರುವ ಜೀವಿಯನ್ನು ಎಬ್ಬಿಸದಿರುವುದು, ಒಂದು ಬಗೆಯದು ಒಂದು ಸಾಕೆಂದು ಪರಿಮಾಣ ಮಾಡಿಕೊಳ್ಳುವುದು, ನೋಡದೆ ಕೆಡಹುವ ಗುಂಡಿಯನ್ನು ಮುಟ್ಟದಿರುವುದು, ಇವು ಆಟದ ನಿಯಮಗಳಲ್ಲ. ಮುರಿದರೆ ಯಾರೂ ಕೇಳುವುದಿಲ್ಲ, ಪಾಲಿಸಿದರೆ ಯಾರೂ ಬಹುಮಾನ ಕೊಡುವುದಿಲ್ಲ. ಅದರಿಂದಲೇ ಅವುಗಳಿಗೆ ನಿಯಮದ ಬೆಲೆಯಿದೆ.

ಮಕ್ಕಳಿಂದ ಯಂತ್ರವನ್ನು ಕಸಿದುಕೊಳ್ಳುವುದಕ್ಕಿಂತ, ಇಂದು ಯಾವ ಜೀವಿಯನ್ನು ಕಂಡೆ, ಯಾವುದನ್ನು ಅದರ ಪಾಡಿಗೆ ಬಿಟ್ಟು ಬಂದೆ ಎಂದು ಸಂಜೆ ಅವರನ್ನು ಕೇಳುವ ಹಿರಿಯರು ಹೆಚ್ಚಿನ ಉಪಕಾರ ಮಾಡುತ್ತಾರೆ. ಹಿರಿಯ ಅಭಿಮಾನಿ ಪ್ರತಿಕ್ರಮಣದ ಹೊತ್ತಿನಲ್ಲಿ ದಿನದ ಉಳಿದ ವ್ಯವಹಾರಗಳೊಂದಿಗೆ ಆಟದ ಆ ಒಂದು ಗಂಟೆಯನ್ನೂ ನೆನೆದು ನೋಡಲಿ. ಕೆಡಹಿದ ರೂಪಗಳಿಗಾಗಿ ಪಶ್ಚಾತ್ತಾಪಪಡಬೇಕೆಂದಲ್ಲ. ಅವುಗಳನ್ನು ಕೆಡಹುವಾಗ ತನ್ನ ಭಾವ ಎಲ್ಲಿತ್ತು ಎಂಬುದನ್ನು ತಿಳಿಯಲೆಂದು.