ಮುಟ್ಟಿದರೆ ಕೆಟ್ಟೀತೆ?

ಮಕ್ಕಳಿಗೆ ನಾವು ಹೇಳುವ ಮಾತುಗಳಲ್ಲಿ ‘ಮುಟ್ಟಬೇಡ’ ಎಂಬುದಕ್ಕಿರುವಷ್ಟು ಬಳಕೆ ಬೇರೊಂದಕ್ಕೆ ಇರಲಾರದು. ಒಲೆ ಮುಟ್ಟಬೇಡ, ಕತ್ತಿ ಮುಟ್ಟಬೇಡ ಎನ್ನುವುದು ಕಕ್ಕುಲತೆ. ಆದರೆ ಕೂಡ್ಲಿಗಿಯ ಕಡೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿದ್ದನ್ನು ಕಂಡು ಕಾರಣ ಕೇಳಿದೆ. ‘ಹುಡುಗರು ಮುಟ್ಟಿದರೆ ಕೆಟ್ಟುಹೋಗುತ್ತದೆ’ ಎಂದರು. ಮುಟ್ಟದೆ ಇಟ್ಟರೂ ಯಂತ್ರ ಧೂಳು ತಿಂದು ಕೆಡುತ್ತದೆ. ಅದು ಬೇರೆ ಮಾತು. ಈ ಎಚ್ಚರಿಕೆ ನೀತಿಯೋ ಅವಮಾನವೋ ಎಂಬುದೇ ನನ್ನ ಪ್ರಶ್ನೆ.

ನಮ್ಮ ನಾಡಿನಲ್ಲಿ ‘ಮುಟ್ಟಬೇಡ’ ಎಂಬುದು ನಿರ್ದೋಷಿಯಾದ ಶಬ್ದವಲ್ಲ. ಶತಮಾನಗಳ ಕಾಲ ಅಕ್ಷರ ಬಲ್ಲವನು ಉಳಿ ಹಿಡಿಯಲಿಲ್ಲ. ಉಳಿ ಹಿಡಿದವನಿಗೆ ಅಕ್ಷರ ದೊರೆಯಲಿಲ್ಲ. ತಲೆ ಒಂದು ಕೇರಿಯಲ್ಲಿ, ಕೈ ಇನ್ನೊಂದು ಕೇರಿಯಲ್ಲಿ ಬಾಳಿದವು. ಎಳೆಯರಿಗೆ ತಮ್ಮ ಕೈಯಾರೆ ವಿದ್ಯುನ್ಮಂಡಲ ಕಟ್ಟುವುದನ್ನು ಕಲಿಸುವುದೆಂದರೆ ಈ ಎರಡು ಕೇರಿಗಳ ನಡುವೆ ಹಾದಿ ತೆಗೆಯುವುದು. ಅದು ಬರಿಯ ಉದ್ಯೋಗ ಶಿಕ್ಷಣವಲ್ಲ.

ಕೈಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಹಡಗಲಿಯ ಮಲ್ಲಿಗೆ ಕಟ್ಟುವ ಬೆರಳಿಗೆ ಕೂದಲೆಳೆಯಂಥ ತಂತಿ ಹೆಚ್ಚಲ್ಲ. ಹರಪನಹಳ್ಳಿಯ ತಾಂಡಾಗಳಲ್ಲಿ ಬಟ್ಟೆಗೆ ಕನ್ನಡಿ ಚೂರು ಕೂರಿಸಬಲ್ಲ ಹೆಣ್ಣುಮಗಳಿಗೆ ಹಲಗೆಯ ಮೇಲೆ ಟ್ರಾನ್ಸಿಸ್ಟರ್ ಕೂರಿಸುವುದು ಬಾರದೆ? 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಸಾಗುತ್ತಿರುವಾಗಲೇ ಉರುಳಿತು. ಅಂಥ ಹೊತ್ತಿನಲ್ಲಿ ಊರು ನೆಚ್ಚುವುದು ತೇರನ್ನು ದೂರದಿಂದ ಕೈಮುಗಿದು ನೋಡಿದವರನ್ನಲ್ಲ, ಮರ ಕಬ್ಬಿಣಗಳ ಗುಣ ಬಲ್ಲವರನ್ನು.

ತಲೆಗೂ ಇಲ್ಲಿ ಬರವಿಲ್ಲ. ನಮ್ಮ ಹಳೆಯ ಅಳತೆಗಳನ್ನು ನೆನೆಯಿರಿ: ಸೇರು, ಅಚ್ಚೇರು, ಪಾವು, ಅರೆಪಾವು. ಒಂದೊಂದೂ ಹಿಂದಿನದರ ಅರ್ಧ. ಹದಿಮೂರು ಅರೆಪಾವು ಜೋಳ ಬೇಕೆಂದರೆ ಒಂದು ಸೇರು, ಒಂದು ಅಚ್ಚೇರು, ಒಂದು ಅರೆಪಾವು, ಪಾವಿಗೆ ಕೆಲಸವಿಲ್ಲ. ಬಳಸಿದ್ದಕ್ಕೆ 1, ಬಿಟ್ಟದ್ದಕ್ಕೆ 0 ಎಂದು ಬರೆದರೆ 1101. ಕಂಪ್ಯೂಟರಿನ ಲೆಕ್ಕವೂ ಇದೇ. ಸಂತೆಯ ಅಜ್ಜಿಗೆ ತಿಳಿದಿದ್ದುದನ್ನು ನಾವು ಪರದೇಶದ ವಿದ್ಯೆಯೆಂದು ಹೆದರುತ್ತಿದ್ದೇವೆ. ಎರಡು ಟ್ರಾನ್ಸಿಸ್ಟರುಗಳನ್ನು ಒಂದರ ಹಿಂದೊಂದು ಜೋಡಿಸಿದರೆ ‘ನ್ಯಾಂಡ್’ ಎಂಬ ದ್ವಾರವಾಗುತ್ತದೆ. ಅಂಥ ಒಂಬತ್ತು ದ್ವಾರಗಳು ಕೂಡಿದರೆ, ಕೈಯುಳಿದದ್ದನ್ನೂ ಸೇರಿಸಿಕೊಂಡು ಒಂದು ಸ್ಥಾನದ ಸಂಕಲನ ಮಾಡಬಲ್ಲವು. ಉಳಿದುದೆಲ್ಲ ಇದರ ವಿಸ್ತಾರ.

ಹಾಗಾದರೆ ಮೇಷ್ಟರು ಯಾವುದಕ್ಕೂ ಅಡ್ಡಿ ಹೇಳಬಾರದೆ? ಹೇಳಲೇಬೇಕು. ಗೋಡೆಯ 230 ವೋಲ್ಟಿನ ಮುಂದೆ ‘ಮುಟ್ಟಬೇಡ’ ಎನ್ನುವುದು ಕರುಣೆ. ಮೇಜಿನ ಮೇಲಿನ 5 ವೋಲ್ಟಿನ ಮುಂದೆ ಹಾಗೆನ್ನುವುದು ದರ್ಪ. ಕೆಂಪು ದೀಪವೊಂದು 5 ವೋಲ್ಟಿನಲ್ಲಿ ಸುಮಾರು 2ನ್ನು ತಾನು ತೆಗೆದುಕೊಳ್ಳುತ್ತದೆ. ಉಳಿದ 3ನ್ನು 220 ಓಮಿನ ರೋಧಕ ಹೊತ್ತರೆ ಹರಿಯುವುದು ಸುಮಾರು 14 ಮಿಲಿಆಂಪಿಯರ್. ರೋಧಕ ಮರೆತರೆ ಕೆಲವೇ ರೂಪಾಯಿಯ ದೀಪವೊಂದು ಸುಡುತ್ತದೆ. ಆ ಬೆಲೆಗೆ ಅಷ್ಟು ದೊಡ್ಡ ಪಾಠ ಬೇರೆಲ್ಲಿ ಸಿಕ್ಕೀತು?

ಚಿಪ್ಪು ಬರುವುದು ಪರದೇಶದಿಂದ, ನಾವೇ ಕಟ್ಟಿದೆವೆನ್ನುವುದು ಬಡಾಯಿಯಲ್ಲವೆ ಎಂದು ಕೇಳುವವರಿದ್ದಾರೆ. ಉಪ್ಪನ್ನು ಅಂಗಡಿಯಿಂದ ತಂದವಳು ಅಡಿಗೆ ಮಾಡಲಿಲ್ಲವೆನ್ನೋಣವೆ? ಪ್ರತಿಯೊಂದನ್ನೂ ತಾನೇ ಮಾಡುವುದು ಸ್ವಾವಲಂಬನೆಯಲ್ಲ. ತನ್ನ ಮುಂದಿರುವುದರ ಒಳಗನ್ನು ಅರಿಯುವ ಧೈರ್ಯವೇ ಸ್ವಾವಲಂಬನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ, ಬಡವರಿಗೂ ಎಟುಕಲೆಂದು ‘ಸಿಂಪ್ಯೂಟರ್’ ಎಂಬ ಪುಟ್ಟ ಕಂಪ್ಯೂಟರನ್ನು ರೂಪಿಸಿ, 2001ರಲ್ಲಿ ಲೋಕಕ್ಕೆ ತೋರಿಸಿದರು. ಅದರ ನಕ್ಷೆಯನ್ನೂ ಮುಚ್ಚಿಡಲಿಲ್ಲ. ಉದಾರವಾದ ಕೆಲಸ, ಆದರೂ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಇದಕ್ಕೆ ಕಾರಣಗಳು ಹಲವು. ನನಗೆ ತೋರುವುದಿಷ್ಟು: ನಕ್ಷೆ ಬಯಲಿಗೆ ಬಂದರೆ ಸಾಲದು, ಅದನ್ನು ಓದಬಲ್ಲ ಹುಡುಗರು ಹಗರಿಬೊಮ್ಮನಹಳ್ಳಿಯಲ್ಲೂ ಇರಬೇಕು. ಹಳ್ಳಿಗಾಗಿ ಮಾಡಿದ ಯಂತ್ರ ದಾನ. ಹಳ್ಳಿಯವರು ಬಿಚ್ಚಿ ಕಟ್ಟಬಲ್ಲ ಯಂತ್ರ ಸ್ವತ್ತು.

ಕಟ್ಟಿದವರೆಲ್ಲ ಎಂಜಿನಿಯರರಾಗಬೇಕಿಲ್ಲ. ಅವರಿಗೆ ದೊರೆಯುವ ಸಂಸ್ಕಾರವೇ ಬೇರೆ. ದೀಪ ಹೊತ್ತದಿದ್ದರೆ ಅಲ್ಲಿ ಶಿಫಾರಸು ನಡೆಯದು, ಜಾತಿ ನಡೆಯದು, ಮೇಷ್ಟರ ಗದರಿಕೆಯೂ ನಡೆಯದು. ತಂತಿಯನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡುತ್ತ ಬರಬೇಕು. ತಪ್ಪು ಎಲ್ಲೋ ಒಂದು ಕಡೆ ಇದೆ, ಅದು ಸಿಕ್ಕುತ್ತದೆ, ತಿದ್ದಬಹುದು. ಇಷ್ಟು ನಂಬಿಕೆಯಿಂದ ಬೆಳೆದ ಮಗು ನಾಳೆ ಪಂಚಾಯತಿಯ ಲೆಕ್ಕಪತ್ರದ ಮುಂದೆ ನಿಂತರೂ ‘ದೊಡ್ಡವರ ವಿಷಯ, ನಮಗೇಕೆ’ ಎಂದು ಹಿಂದೆ ಸರಿಯಲಾರದು.